ಪೋಸ್ಟರ್ ರೆಡಿ, ಟಿಕೆಟ್ ಯಾರು ಕೊಡ್ತಾರೆ?

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ದೇವನಹಳ್ಳಿ ದಾಟಿದರೆ ಎಡಗಡೆಗೆ ವಿಮಾನ ನಿಲ್ದಾಣದ ತಿರುವು. ಆಮೇಲೆ ಯಲಹಂಕ, ಅದರಾಚೆ ಜಿಕೆವಿಕೆ ಗೇಟು. ಆ ಗೇಟಿನ ಒಳಗೆ ಕೃಷಿ ವಿಶ್ವವಿದ್ಯಾಲಯದ ಜತೆಗೆ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಇವೆ. ಹತ್ತಿರದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಜೀವಕೋಶದ ಒಳಗುಟ್ಟು ಹುಡುಕುವ ದೇಶದ ಹೆಸರಾಂತ ಪ್ರಯೋಗಾಲಯಗಳು ಇಷ್ಟೇ ಜಾಗದಲ್ಲಿ ಸೇರಿಕೊಂಡಿವೆ. ಬಸ್ಸಿನ ದಾರಿಯಲ್ಲಿ ವಿಮಾನ ಮೊದಲು, ಲ್ಯಾಬು ಆಮೇಲೆ. ಸಂಶೋಧನೆಗೆ ಇಳಿದ ಹಳ್ಳಿ ಹುಡುಗರಿಗೆ ಮಾತ್ರ ಇದು ತಿರುಗುಮುರುಗು: ಲ್ಯಾಬು ಸೇರುವುದೇ ಒಂದು ಸಾಹಸ, ಅಲ್ಲಿಂದ ವಿಮಾನ ಹತ್ತುವುದು ಇನ್ನೊಂದು.

ಹಾಗಂತ ಜೀವಕೋಶ ಈ ಸೀಮೆಗೆ ದೂರದ ಮಾತೇನಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ಒಂದೊಂದು ಗೂಡೂ ಕೋಶದ ಕೆಲಸವೇ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಮೇಯುವಾಗ ಅದರ ಮೈಯೊಳಗೆ ಎರಡು ರೇಷ್ಮೆ ಗ್ರಂಥಿಗಳು ಉಬ್ಬುತ್ತವೆ. ವಿಚಿತ್ರವೆಂದರೆ, ಆ ಗ್ರಂಥಿಯ ಕೋಶಗಳ ಸಂಖ್ಯೆ ಮೊಟ್ಟೆಯೊಳಗೆ ಇದ್ದಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಕೋಶ ಒಡೆದು ಎರಡಾಗುವುದಿಲ್ಲ. ಬದಲಿಗೆ ಒಳಗಿನ ಡಿಎನ್‌ಎ ಮಾತ್ರ ದುಪ್ಪಟ್ಟಾಗುತ್ತಾ ಹೋಗಿ, ಹುಳು ಹಣ್ಣಾಗುವ ಹೊತ್ತಿಗೆ ಒಂದೇ ಕೋಶದಲ್ಲಿ ಲಕ್ಷಕ್ಕೂ ಮೀರಿದ ಪ್ರತಿಗಳು. ಅಷ್ಟನ್ನೂ ಹಿಡಿದಿಟ್ಟುಕೊಳ್ಳಲು ಕೋಶಕೇಂದ್ರ ಮರದ ಕೊಂಬೆಗಳ ಹಾಗೆ ಕವಲೊಡೆದು ಹರಡಿಕೊಳ್ಳುತ್ತದೆ. ಈ ಗ್ರಂಥಿಯ ಜೀನುಗಳ ಮೇಲೆ ಐಐಎಸ್ಸಿಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ. ಗೂಡು ಕಟ್ಟಲು ಚಂದ್ರಿಕೆಗೆ ಹುಳು ಬಿಡುವ ರೈತನಿಗೆ ಈ ಲೆಕ್ಕ ಗೊತ್ತಿರಬೇಕಿಲ್ಲ. ಆದರೆ ಗಂಟು ರೋಗ ಗೊತ್ತು, ಹಾಲುತೊಂಡೆ ಗೊತ್ತು. ಗಂಟು ರೋಗ ತರುವ ಸೂಕ್ಷ್ಮಜೀವಿ ಹುಳುವಿನ ಕೋಶದ ಒಳಗೇ ಬಿಡಾರ ಹೂಡುತ್ತದೆ. ಹಾಲುತೊಂಡೆಯ ವೈರಸ್ಸು ನೇರ ಕೋಶಕೇಂದ್ರಕ್ಕೇ ನುಗ್ಗುತ್ತದೆ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವ ಉಪಾಯವನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ಆಲೆಸ್ ಪಟ್ಟಣದಲ್ಲಿ ಕೂತು ಕಂಡುಕೊಂಡರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಅದೇ ಪರೀಕ್ಷೆ.

ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಇಂಥದೇ ಕೋಶದ ಬೆನ್ನು ಹತ್ತಿ ಪಿಎಚ್‌.ಡಿ.ಗೆ ಸೇರಿದಳು ಅಂತಿಟ್ಟುಕೊಳ್ಳಿ. ಮೂರನೇ ವರ್ಷಕ್ಕೆ ಹೇಳಿಕೊಳ್ಳುವಂಥ ಫಲಿತಾಂಶ ಬಂತು. ಅದನ್ನು ಎಲ್ಲಿ ಹೇಳಬೇಕು? ಅಂತರರಾಷ್ಟ್ರೀಯ ರೇಷ್ಮೆ ಆಯೋಗದ ಕೇಂದ್ರ ಕಚೇರಿ ಫ್ರಾನ್ಸಿನ ಲಿಯಾನ್‌ನಿಂದ ಬೆಂಗಳೂರಿಗೆ ಬಂದು ದಶಕ ದಾಟಿದೆ. ಅದರ ಮಹಾಸಮ್ಮೇಳನ ಮಾತ್ರ 2019ರಲ್ಲಿ ಜಪಾನಿನ ತ್ಸುಕುಬಾದಲ್ಲಿ, 2022ರಲ್ಲಿ ರೊಮೇನಿಯಾದ ಕ್ಲೂಜ್‌ನಲ್ಲಿ ನಡೆಯಿತು. ಶುದ್ಧ ಕೋಶ ಜೀವಶಾಸ್ತ್ರದವರ ದೊಡ್ಡ ಸಂತೆಯೆಂದರೆ ಅಮೆರಿಕದ ಕೋಶ ಜೀವಶಾಸ್ತ್ರ ಸಂಘ ಪ್ರತಿ ಡಿಸೆಂಬರಿನಲ್ಲಿ ನಡೆಸುವ ಸಭೆ.

ಸಂತೆ ಅಂದದ್ದು ಸುಮ್ಮನೆ ಅಲ್ಲ. ದೊಡ್ಡ ಹಾಲ್, ಸಾಲು ಸಾಲು ಬೋರ್ಡು, ಒಂದೊಂದಕ್ಕೂ ಮೂರಡಿ ಅಗಲದ ಪೋಸ್ಟರು, ಅದರ ಪಕ್ಕ ನಿಂತ ಒಬ್ಬ ವಿದ್ಯಾರ್ಥಿ. ಪೋಸ್ಟರನ್ನು ಬಟ್ಟೆಯ ಮೇಲೆ ಮುದ್ರಿಸಿಕೊಂಡು ಸೀರೆಯ ಹಾಗೆ ಮಡಚಿ ಸೂಟ್‌ಕೇಸಿಗೆ ಹಾಕಿಕೊಳ್ಳುವುದು ಈಗಿನ ರೂಢಿ. ಹೋಗಿ ಬರುವವರು ನಿಲ್ಲುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕೆಲವರು ನಕ್ಕು ಮುಂದೆ ಹೋಗುತ್ತಾರೆ. ಪಠ್ಯದಲ್ಲಿ ಹೆಸರು ಕಂಡಿದ್ದ ಯಾರೋ ಒಬ್ಬರು ಎದುರಿಗೇ ನಿಂತು ‘ಈ ಪ್ರಯೋಗ ಹೀಗೆ ಮಾಡಿ ನೋಡಿದಿರಾ?’ ಎಂದು ಕೇಳಿದರೆ ಆರು ತಿಂಗಳ ಅಲೆದಾಟ ಉಳಿಯುತ್ತದೆ. ಮುಂದಿನ ಕೆಲಸ ಸಿಗುವುದೂ ಎಷ್ಟೋ ಸಲ ಆ ಬೋರ್ಡಿನ ಪಕ್ಕದಲ್ಲೇ.

ಟ್ರಾವೆಲ್ ಅವಾರ್ಡ್ ಅನ್ನುವುದು ಅಲ್ಲಿಗೆ ತಲುಪಿಸುವುದಕ್ಕೇ. ಹೆಸರಿಗೆ ಪ್ರಶಸ್ತಿಯಾದರೂ ಕೆಲಸದಲ್ಲಿ ಅದು ಚಾರ್ಜಿನ ದುಡ್ಡು. ಬ್ರಿಟನ್ನಿನ ಕೋಶ ಜೀವಶಾಸ್ತ್ರ ಸಂಘ ತನ್ನ ಕಿರಿಯ ಸದಸ್ಯರಿಗೆ ಕೊಡುವ ಇಂಥ ನೆರವಿಗೆ ಆನರ್ ಫೆಲ್ ಅವರ ಹೆಸರಿದೆ. ಗಾಜಿನ ಪುಟ್ಟ ಬಟ್ಟಲಿನಲ್ಲಿ ಕೋಳಿ ಭ್ರೂಣದ ಮೂಳೆಯನ್ನು ಬೆಳೆಸಿ ತೋರಿಸಿದ ಈಕೆ ಕೇಂಬ್ರಿಡ್ಜಿನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯವನ್ನು ನಾಲ್ಕು ದಶಕ ನಡೆಸಿದವರು. ಈ ನೆರವಿಗೆ ಹಣ ಬರುವುದು 1925ರಲ್ಲಿ ಹುಟ್ಟಿದ ‘ದಿ ಕಂಪನಿ ಆಫ್ ಬಯಾಲಜಿಸ್ಟ್ಸ್’ ಎಂಬ ಪ್ರಕಾಶನ ಸಂಸ್ಥೆಯಿಂದ. ಪತ್ರಿಕೆ ಮಾರಿ ಬಂದದ್ದನ್ನು ಅವರು ಕಿರಿಯರ ಪ್ರಯಾಣಕ್ಕೆ ಹಾಕುತ್ತಾರೆ. ಯುರೋಪಿನ ಆಣ್ವಿಕ ಜೀವಶಾಸ್ತ್ರ ಸಂಘಟನೆ ಎಂಬೊ ತನ್ನ ಕಾರ್ಯಾಗಾರಗಳಿಗೆ ಬರುವ ತಂದೆತಾಯಂದಿರಿಗೆ ಮಗು ನೋಡಿಕೊಳ್ಳುವ ಖರ್ಚನ್ನೂ ಕೊಡುತ್ತದೆ. 2016ರಿಂದ ಭಾರತ ಅದರ ಒಕ್ಕೂಟದ ಸಹಸದಸ್ಯ.

ನಮ್ಮಲ್ಲೂ ಬಾಗಿಲುಗಳಿವೆ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯಾದ ಎಸ್‌ಇಆರ್‌ಬಿ ನಡೆಸುತ್ತಿದ್ದ ವಿದೇಶ ಪ್ರಯಾಣ ನೆರವು ಯೋಜನೆ ಸಾವಿರಾರು ಯುವ ವಿಜ್ಞಾನಿಗಳನ್ನು ವಿಮಾನ ಹತ್ತಿಸಿದೆ. 2024ರಲ್ಲಿ ಆ ಮಂಡಳಿಯ ಜಾಗಕ್ಕೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಸಿಎಸ್‌ಐಆರ್, ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆಗಳಿಗೂ ಅರ್ಜಿ ಹಾಕಬಹುದು.

ತೊಡಕಿರುವುದು ಹಣ ಕೈಗೆ ಬರುವ ಹೊತ್ತಿನಲ್ಲಿ. ಸರ್ಕಾರಿ ನೆರವು ಬಹುಪಾಲು ‘ಮೊದಲು ಖರ್ಚು ಮಾಡಿ, ಬಂದು ಬಿಲ್ ಕೊಡಿ’ ಎನ್ನುವ ಲೆಕ್ಕ. ಸರ್ಕಾರದ ದುಡ್ಡಿನ ಟಿಕೆಟ್ಟನ್ನು ಗೊತ್ತುಪಡಿಸಿದ ಮೂರು ಏಜೆನ್ಸಿಗಳಲ್ಲೇ ಬುಕ್ ಮಾಡಬೇಕು. ಬೋರ್ಡಿಂಗ್ ಪಾಸ್ ಕಳೆದುಕೊಳ್ಳುವಂತಿಲ್ಲ. ಪಿಎಚ್‌.ಡಿ. ವಿದ್ಯಾರ್ಥಿಯ ತಿಂಗಳ ಫೆಲೋಶಿಪ್ಪು 2023ರಿಂದ ಮೊದಲೆರಡು ವರ್ಷ 37,000, ಆಮೇಲೆ 42,000 ರೂಪಾಯಿ. ಅಮೆರಿಕದ ವೀಸಾ ಅರ್ಜಿಗೇ 185 ಡಾಲರ್. ವಿಮಾನದ ಟಿಕೆಟ್ಟು, ನೋಂದಣಿ ಶುಲ್ಕ ಬೇರೆ. ಬೆಂಗಳೂರಿನ ಸಂಬಳದಾರ ಮನೆಯ ಹುಡುಗ ಅಪ್ಪನ ಕ್ರೆಡಿಟ್ ಕಾರ್ಡ್ ಎಳೆದು ಮುಂದಿನ ಕೆಲಸ ನೋಡುತ್ತಾನೆ. ಗೂಡಿನ ರೇಟು ಬಿದ್ದ ತಿಂಗಳು ಶಿಡ್ಲಘಟ್ಟದ ಮನೆಯಲ್ಲಿ ಲಕ್ಷ ರೂಪಾಯಿ ಹೊಂದಿಸು ಅಂದರೆ? ಅರ್ಹತೆ ನೋಡಿ ಕೊಟ್ಟ ಪ್ರಶಸ್ತಿಯನ್ನು ಕೊನೆಗೆ ಅನುಭವಿಸುವುದು ಕೈಯಲ್ಲಿ ಕಾಸಿದ್ದವರು. ಟಿಕೆಟ್ಟಿನ ಹಣವನ್ನಾದರೂ ಮುಂಗಡವಾಗಿ ಕೊಡದ ಯೋಜನೆಯನ್ನು ಅರ್ಧ ಯೋಜನೆ ಎಂದೇ ಕರೆಯಬೇಕು.

ಚಾರ್ಜಿಲ್ಲದೆ ಕಲಿಯಲು ಹೊರಟವರ ನೆನಪು ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ಬಂದದ್ದು ಎರಡು ದಿನ ಕಾಲ್ನಡಿಗೆಯಲ್ಲಿ. ಮುಂದೆ ಅಮೆರಿಕದ ಓಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದು ಬಂದ ಎಚ್ಚೆನ್, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ, ವಿಜ್ಞಾನಿಗಳನ್ನೇ ಜನರ ಮುಂದೆ ತಂದು ಕೂರಿಸಿದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ಇತ್ತ ಗೌರಿಬಿದನೂರಿಗೆ 1965ರಲ್ಲಿ ಭೂಕಂಪ ಮಾಪನ ಕೇಂದ್ರ, 1976ರಲ್ಲಿ ರೇಡಿಯೊ ದೂರದರ್ಶಕ ಬಂದವು. ಸೂರ್ಯನ ಸದ್ದು, ಭೂಮಿಯ ನಡುಕ ಎಲ್ಲ ಆ ಊರಿಗೇ ಬಂದು ಮುಟ್ಟುತ್ತವೆ. ಊರಿನ ಮಕ್ಕಳು ಹೊರಗೆ ಹೋಗುವುದೇ ಕಷ್ಟ.

ಜಪಾನು, ಅಮೆರಿಕದ ಮಾತು ಪಿಎಚ್‌.ಡಿ.ಗೆ ಬಂದ ಮೇಲಿನದು. ಅದಕ್ಕೂ ಮೊದಲಿನ ಟಿಕೆಟ್ಟೊಂದಿದೆ, ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಅದು ಕಾಣುವುದು ಕಡಿಮೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರಿಗೆ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ, ಕೈಗಿಷ್ಟು ಸ್ಟೈಪೆಂಡು, ಜತೆಗೆ ರೈಲಿನ ಚಾರ್ಜು. ಅರ್ಜಿ ಕರೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಬೇಸಿಗೆ ಬಂದ ಮೇಲೆ ಹುಡುಕಿದರೆ ಬಾಗಿಲು ಮುಚ್ಚಿರುತ್ತದೆ. ಚಿಂತಾಮಣಿ, ಗೌರಿಬಿದನೂರಿನ ಬಿ.ಎಸ್ಸಿ. ತರಗತಿಯ ಮೇಷ್ಟ್ರುಗಳು ದಸರಾ ರಜೆ ಮುಗಿಸಿ ಬಂದವರೇ ಇದನ್ನು ಬೋರ್ಡಿಗೆ ಅಂಟಿಸಲಿ. ಅರ್ಜಿ ಹಾಕುವ ಅವಕಾಶ ಮೇಷ್ಟ್ರುಗಳಿಗೂ ಇದೆ.