ಒಂದು ಚಿತ್ರ, ಹಲವು ತೆರೆಗಳು

ಊರ ಬಯಲಿನಲ್ಲಿ ಬಿಳಿಯ ಪರದೆಯನ್ನು ಬಿಗಿದು, ಅದರ ಹಿಂದೆ ದೀಪವನ್ನಿಟ್ಟು, ತೊಗಲುಗೊಂಬೆಗಳನ್ನು ಕುಣಿಸುವ ಆಟವನ್ನು ನಮ್ಮ ಸೀಮೆಯ ಹಿರಿಯರೆಲ್ಲರೂ ಬಲ್ಲರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಈ ಕಲೆಯನ್ನು ಜೀವಮಾನವೆಲ್ಲ ಕಾಪಾಡಿಕೊಂಡು ಬಂದು, 2025ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದುದು ನಮಗೆಲ್ಲರಿಗೂ ಸಂತೋಷದ ಸಂಗತಿಯು. ಆ ಆಟದಲ್ಲಿ ದೀಪವೊಂದು, ಪರದೆಯೊಂದು. ಹಿಂದಿನ ಕಾಲದ ಮಿಶನರಿಗಳು ಹಳ್ಳಿಹಳ್ಳಿಗೆ ಒಯ್ಯುತ್ತಿದ್ದ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಚಿತ್ರದೀಪದಲ್ಲಿಯೂ ಅದೇ ಕ್ರಮವು. ಈಗಲಾದರೋ ಸಭೆಗಳು ದೊಡ್ಡವಾಗಿವೆ. ಹಿಂದಿನ ಸಾಲಿನವರಿಗೂ ವೇದಿಕೆಯು ಕಾಣಬೇಕೆಂದು ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಎಂಬಂತೆ ತೆರೆಗಳನ್ನು ನಿಲ್ಲಿಸುವರು. ಒಂದೇ ಯಂತ್ರದಿಂದ ಇಷ್ಟೊಂದು ತೆರೆಗಳಿಗೆ ಚಿತ್ರವು ಹೇಗೆ ಹಂಚಿಹೋಗುವುದೆಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಯಪಡಿಸುವುದು ಈ ಲೇಖನದ ಉದ್ದೇಶವು.

ಈ ವಿಷಯದಲ್ಲಿ ನನಗೆ ಆಸಕ್ತಿಯುಂಟಾದುದು ಒಂದು ವ್ಯಸನದಿಂದ. ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಶಾಲಾ ಸಮಾರಂಭದಲ್ಲಿ, ಬಹಳ ಉದ್ದನೆಯ ಒಂದು ಗುಂಪು ಭಾವಚಿತ್ರವನ್ನು ಮೂರು ತೆರೆಗಳ ಮೇಲೆ ಹರಡಿ ತೋರಿಸಿದರು. ಎಡತುದಿಯಲ್ಲಿ ನಿಂತಿದ್ದ ನಾಲ್ವರು ಹೆಣ್ಣುಮಕ್ಕಳು ಯಾವ ತೆರೆಯಲ್ಲಿಯೂ ಕಾಣಲಿಲ್ಲ. ಬಲತುದಿಯಲ್ಲಿಯಾದರೋ ಅಷ್ಟೇ ಅಗಲದ ಕಪ್ಪು ಪಟ್ಟಿಯು ಕಂಡಿತು. ಮಂಗಳೂರಿನಿಂದ, ಕಡಲತೀರದ್ದಲ್ಲ, ನಮ್ಮ ಕೊಪ್ಪಳ ಜಿಲ್ಲೆಯ ಮಂಗಳೂರಿನಿಂದ, ಕೂಲಿಯನ್ನು ಬಿಟ್ಟು ಬಂದಿದ್ದ ಒಬ್ಬ ತಾಯಿಯು ನನ್ನ ಕಡೆಗೆ ತಿರುಗಿ, "ನನ್ನ ಮಗಳು ಎಲ್ಲ್ಯದಾಳ್ರೀ, ಅಕ್ಕೋರ?" ಎಂದು ಕೇಳಿದಳು. ನಾನು ಉತ್ತರಕೊಡುವಷ್ಟರಲ್ಲಿ ಚಿತ್ರವು ಸರಿದುಹೋಯಿತು. ಯಂತ್ರವು ಕೆಟ್ಟಿರಲಿಲ್ಲ. ಒಂದು ಅಂಕಿಯು ತಪ್ಪಿತ್ತು, ಅಷ್ಟೇ.

ಆ ಅಂಕಿಯು ಯಾವುದೆಂದು ತಿಳಿಯಬೇಕಾದರೆ ಯಂತ್ರದ ರೀತಿಯನ್ನು ಅರಿಯಬೇಕು. ಚಿತ್ರಗಳನ್ನೂ ಚಲಚ್ಚಿತ್ರಗಳನ್ನೂ ಕೂಡಿಟ್ಟುಕೊಂಡು, ಬೇಕಾದಾಗ ತೆರೆಗಳಿಗೆ ಕಳುಹಿಸುವ ಕಂಪ್ಯೂಟರಿಗೆ ಮೀಡಿಯಾ ಸರ್ವರ್ ಎಂದು ಹೆಸರು. ರೆಸೊಲ್ಯೂಮ್ ಅರೀನಾ, ವಾಚೌಟ್ ಮುಂತಾದ ತಂತ್ರಾಂಶಗಳು ಈ ಕೆಲಸಕ್ಕಾಗಿಯೇ ಇವೆ. ಗೊಂಬೆಯಾಟದವರು ಒಂದು ಗೊಂಬೆಯ ಹಿಂದೆ ಇನ್ನೊಂದನ್ನು ಹಿಡಿಯುವಂತೆ, ಇಲ್ಲಿ ಚಿತ್ರಗಳನ್ನು ಪದರಪದರವಾಗಿ ಒಂದರ ಮೇಲೊಂದನ್ನು ಇಡುವರು. ಇವೆಲ್ಲವೂ ಸೇರಿ ಕಂಪ್ಯೂಟರಿನೊಳಗೆ ಒಂದು ದೊಡ್ಡ ಚಿತ್ರಫಲಕವಾಗುವುದು. ಆ ಫಲಕವು ಪಿಕ್ಸೆಲ್ ಎಂಬ ಚುಕ್ಕೆಗಳಿಂದಾದದ್ದು. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಿರುವ ಮೂರು ತೆರೆಗಳನ್ನು ಸಾಲಾಗಿ ನಿಲ್ಲಿಸಿದರೆ, ಫಲಕವು 5760 ಅಗಲ, 1080 ಎತ್ತರದ್ದಾಗಿರತಕ್ಕದ್ದು.

ಮುಂದಿನ ಕೆಲಸವು ಎರಡು ಬಗೆಯದು. ಮೊದಲನೆಯದು, ಫಲಕದ ಯಾವ ತುಂಡನ್ನು ಯಾವ ತೆರೆಗೆ ಕೊಡಬೇಕೆಂಬುದು. ಎಡದ ತೆರೆಯ ತುಂಡು 0ಯಿಂದಲೂ, ನಡುವಿನದು 1920ರಿಂದಲೂ, ಬಲದ್ದು 3840ರಿಂದಲೂ ಆರಂಭವಾಗಬೇಕು. ಎರಡನೆಯದು, ಆ ತುಂಡನ್ನು ತೆರೆಯ ಮೇಲೆ ಹೇಗೆ ಕೂರಿಸಬೇಕೆಂಬುದು; ಪ್ರೊಜೆಕ್ಟರು ಓರೆಯಾಗಿದ್ದರೆ ನಾಲ್ಕು ಮೂಲೆಗಳನ್ನೂ ಎಳೆದು ನೇರಮಾಡುವುದು ಈ ಭಾಗಕ್ಕೆ ಸೇರಿದ್ದು. ದರ್ಜಿಯು ಮೊದಲು ಬಟ್ಟೆಯನ್ನು ಕತ್ತರಿಸಿ, ಆ ಮೇಲೆ ಮೈಗೆ ಹೊಂದಿಸುವಂತೆ ಇವೆರಡನ್ನೂ ಬೇರೆಬೇರೆಯಾಗಿಯೇ ಮಾಡತಕ್ಕದ್ದು. ಕತ್ತರಿಸಿದ್ದು ತಪ್ಪಿದ್ದರೆ ಹೊಂದಿಸುವುದರಿಂದ ಸರಿಯಾಗದು. ನಾನು ಕಂಡ ಸಮಾರಂಭದಲ್ಲಿ, ಹಿಂದಿನ ಯಾವುದೋ ಕಾರ್ಯಕ್ರಮಕ್ಕಾಗಿ ಮಾಡಿಟ್ಟಿದ್ದ ಜೋಡಣೆಯನ್ನೇ ಪರೀಕ್ಷಿಸದೆ ತೆರೆದಿದ್ದರು. ಅದರಲ್ಲಿ ಮೂರು ತುಂಡುಗಳೂ 480 ಚುಕ್ಕೆಗಳಷ್ಟು ಬಲಕ್ಕೆ ಸರಿದಿದ್ದವು. 5760ರಲ್ಲಿ 480 ಎಂದರೆ ಹನ್ನೆರಡನೆಯ ಒಂದು ಪಾಲು. ಆ ಪಾಲಿನಲ್ಲಿ ನಾಲ್ವರು ಹುಡುಗಿಯರು ನಿಂತಿದ್ದರು.

ಇನ್ನೊಂದು ತೊಡಕು ತಂತಿಗಳದು. ಪ್ರತಿಯೊಂದು ತೆರೆಯೂ ತನ್ನ ಹೆಸರನ್ನೂ ಅಳತೆಯನ್ನೂ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ತಿಳಿಸುವುದು. ಇದಕ್ಕೆ ಇಡಿಐಡಿ ಎನ್ನುವರು. ನಡುವೆ ಯಾರಾದರೂ ಕೇಬಲ್ಲನ್ನು ಕಿತ್ತು ಮತ್ತೆ ಚುಚ್ಚಿದರೆ, ಕಂಪ್ಯೂಟರು ತೆರೆಗಳ ಸರದಿಯನ್ನು ಬದಲಾಯಿಸಬಹುದು. ಆಗ ಎಡದ ಚಿತ್ರವು ಬಲಕ್ಕೆ ಹೋಗುವುದು. ಆದುದರಿಂದ ಮೊದಲು ತೆರೆಗಳನ್ನೂ ಆ ಮೇಲೆ ಕಂಪ್ಯೂಟರನ್ನೂ ಚಾಲೂಮಾಡುವುದು, ಪ್ರತಿಯೊಂದು ಕೇಬಲ್ಲಿಗೂ ಎರಡು ತುದಿಗಳಲ್ಲಿ ಅಂಕಿಯ ಚೀಟಿಯನ್ನು ಅಂಟಿಸುವುದು ಒಳ್ಳೆಯ ಪದ್ಧತಿಯು. ಕಂಪ್ಯೂಟರಿನ ವ್ಯವಸ್ಥೆಯಲ್ಲಿ ತೆರೆಗಳು ಒಂದರ ನಕಲು ಇನ್ನೊಂದಾಗಿರದೆ, ಒಂದರ ಮುಂದುವರಿಕೆಯಾಗಿ ಇನ್ನೊಂದು ಇರುವಂತೆ ಗೊತ್ತುಮಾಡುವುದನ್ನೂ ಮರೆಯಲಾಗದು.

ತೆರೆಗಳ ಜಾತಿಗೆ ತಕ್ಕಂತೆ ಲೆಕ್ಕವೂ ಬೇರೆಯಾಗುವುದು. ಎಲ್‌ಇಡಿ ಗೋಡೆಯು ಚೌಕಚೌಕವಾದ ಫಲಕಗಳ ಜೋಡಣೆಯು. ಅರ್ಧ ಮೀಟರ್ ಅಳತೆಯ ಒಂದು ಬಗೆಯ ಚೌಕದಲ್ಲಿ ಅಗಲಕ್ಕೂ ಎತ್ತರಕ್ಕೂ 128 ಚುಕ್ಕೆಗಳಿರುವವು. ಅಂತಹ ಚೌಕಗಳನ್ನು ಅಗಲಕ್ಕೆ ಎಂಟು, ಎತ್ತರಕ್ಕೆ ಐದು ಜೋಡಿಸಿದರೆ ನಾಲ್ಕು ಮೀಟರ್ ಅಗಲದ ಗೋಡೆಯಾಗುವುದಾದರೂ, ಅದರಲ್ಲಿರುವುದು 1024ಕ್ಕೆ 640 ಚುಕ್ಕೆಗಳು ಮಾತ್ರವೇ. ಗೋಡೆಯು ದೊಡ್ಡದೆಂದು ನಂಬಿ 1920 ಚುಕ್ಕೆಗಳ ಚಿತ್ರವನ್ನು ಹಾಗೆಯೇ ಕಳುಹಿಸಿದರೆ, ಅಳತೆಯನ್ನು ಕುಗ್ಗಿಸುವ ಏರ್ಪಾಡಿಲ್ಲದಿರುವಾಗ ಒಂದು ಮೂಲೆಯ ಭಾಗವಷ್ಟೇ ಕಾಣುವುದು.

ಪ್ರೊಜೆಕ್ಟರುಗಳಲ್ಲಿಯಾದರೋ ಅಂಚುಗಳದ್ದೇ ಚಿಂತೆ. 1927ರಲ್ಲಿ ಪ್ಯಾರಿಸಿನಲ್ಲಿ ಅಬೆಲ್ ಗಾನ್ಸ್ ಎಂಬವರು ತಮ್ಮ ನೆಪೋಲಿಯನ್ ಚಿತ್ರದ ಕೊನೆಯ ಭಾಗವನ್ನು ಮೂರು ತೆರೆಗಳ ಮೇಲೆ ತೋರಿಸಿದರು. 1952ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸಿನೆರಾಮಾದಲ್ಲಿಯೂ ಮೂರು ಯಂತ್ರಗಳಿದ್ದವು. ಅದರಲ್ಲಿ ಚಿತ್ರಗಳು ಕೂಡುವ ಗೆರೆಗಳು ಕಣ್ಣಿಗೆ ಬೀಳುತ್ತಿದ್ದವು. ಈಗ ಎರಡು ಚಿತ್ರಗಳ ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಹಾಯಿಸಿ, ಒಂದರ ಬೆಳಕು ಮೆಲ್ಲನೆ ಕುಂದುವಲ್ಲಿ ಇನ್ನೊಂದರ ಬೆಳಕು ಮೆಲ್ಲನೆ ಏರುವಂತೆ ಮಾಡುವರು. 1920 ಚುಕ್ಕೆಗಳ ಎರಡು ಚಿತ್ರಗಳು 320 ಚುಕ್ಕೆಗಳಷ್ಟು ಒಂದರ ಮೇಲೊಂದು ಬಂದರೆ, ಒಟ್ಟು ಅಗಲವು 3840 ಆಗದೆ 3520 ಆಗುವುದು. ಫಲಕವನ್ನು ಈ ಅಳತೆಗೇ ಸಿದ್ಧಪಡಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪರೀಕ್ಷೆಯು ಉಳಿದಿರುವುದು. ಚೌಕುಳಿ ಗೆರೆಗಳೂ, ವೃತ್ತಗಳೂ, ಪ್ರತಿ ತೆರೆಗೆ ಒಂದೊಂದು ದೊಡ್ಡ ಅಂಕಿಯೂ ಇರುವ ಪರೀಕ್ಷಾಚಿತ್ರವನ್ನು ಹಾಕತಕ್ಕದ್ದು. ವೃತ್ತವು ಮೊಟ್ಟೆಯಂತಾದರೆ ಅಳತೆಯು ತಪ್ಪಿದೆ. ಅಂಚಿನ ಗೆರೆಯು ಕಾಣದಿದ್ದರೆ ತುಂಡು ತಪ್ಪಿದೆ. ಅಂಕಿಯು ಅದಲುಬದಲಾದರೆ ತಂತಿಯು ತಪ್ಪಿದೆ. ಯಂತ್ರದ ಮುಂದೆ ಕುಳಿತು ನೋಡಿದರೆ ಸಾಲದು. ಸಭೆಯ ಕೊನೆಯ ಸಾಲಿನವರೆಗೂ ನಡೆದುಹೋಗಿ, ಎಲ್ಲ ತೆರೆಗಳನ್ನೂ ನೋಡಿ ಬರಬೇಕು. ಇದಕ್ಕೆ ಹತ್ತು ನಿಮಿಷಗಳು ಸಾಕು.

ಈ ಕೆಲಸವು ಗಂಡಸರದೇ ಎಂದು ಅನೇಕರು ಎಣಿಸಿರುವರು. ಕೂಡಿಸುವ ಕಳೆಯುವ ಲೆಕ್ಕವೂ, ತಾಳ್ಮೆಯೂ, ಒಪ್ಪವಾದ ಅಭ್ಯಾಸವೂ ಉಳ್ಳ ಯಾವ ಹುಡುಗಿಯೂ ಇದನ್ನು ಕಲಿಯಬಲ್ಲಳು. ಈ ಮೂರನ್ನೂ ನಮ್ಮ ಶಾಲೆಗಳು ಕಲಿಸುತ್ತಲೇ ಇವೆ. ಪೋಷಕರು ತಮ್ಮ ಹೆಣ್ಣುಮಕ್ಕಳನ್ನು ಇಂತಹ ವಿದ್ಯೆಯಿಂದ ಹಿಂದೆಗೆಯದಿರಲಿ. ಮುಂದಿನ ಉತ್ಸವದಲ್ಲಿ ಯಂತ್ರದ ಬಳಿಯಲ್ಲಿ ನಮ್ಮವಳೇ ಒಬ್ಬಳು ಕುಳಿತಿರಲಿ. ಚಿತ್ರವನ್ನು ತೋರಿಸುವ ಮೊದಲು ಎಡತುದಿಯ ಮಗುವಿನ ಮುಖವು ಕಾಣುವುದೋ ಇಲ್ಲವೋ ಎಂದು ಆಕೆಯು ಎದ್ದುಹೋಗಿ ನೋಡಲಿ.