ತಾನೇ ಕಲಿತ ವಿದ್ಯೆ, ತಾನೇ ಹುಡುಕಿದ ದಾರಿ

"ನಿಮ್ಮ ಮಗಳು ಇಂಜಿನಿಯರಿಂಗ್ ಮಾಡಿದ್ದಾಳಾ?" ಮದುವೆ ಮನೆಗಳಲ್ಲಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. "ಇಲ್ಲ, ಬಿ.ಕಾಂ." ಅಂದ ಕೂಡಲೇ ಕೇಳಿದವರ ಹುಬ್ಬು ಮೇಲೇರುತ್ತದೆ. "ಮತ್ತೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಹೇಗೆ ಸಿಕ್ಕಿತು?" ನಿಂತ ಕಾಲಲ್ಲೇ ಹೇಳಿ ಮುಗಿಸುವ ಕಥೆ ಅಲ್ಲ ಅದು. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಪದವಿ ಮುಗಿಸಿ, ಮುಂದೇನೆಂದು ತೋಚದೆ ಕುಳಿತ ಮಗನೋ ಮಗಳೋ ಇದ್ದರೆ ನನ್ನ ಅನುಭವ ಉಪಯೋಗಕ್ಕೆ ಬಂದೀತು. ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿದ್ದರೆ ಅಷ್ಟೇ ಸಾಕು.

ನಾವು ತುಮಕೂರಿನವರು. ನಮ್ಮವರದು ಚಿಕ್ಕ ದಿನಸಿ ಅಂಗಡಿ. ಮಗಳು ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಬಿ.ಕಾಂ. ಮುಗಿದದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಎಲ್ಲಿ ವಿಚಾರಿಸಿದರೂ ಕೆಲಸವಿಲ್ಲ. ಒಂದು ಸಂಜೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ, "ಅಮ್ಮಾ, ನಾನು ವೆಬ್‌ಸೈಟ್ ಮಾಡೋದು ಕಲೀತೀನಿ" ಅಂದಳು.

"ಯಾರು ಕಲಿಸ್ತಾರೆ?"

"ನಾನೇ ಕಲಿತುಕೊಳ್ತೀನಿ."

ನನಗೆ ನಗು ಬಂತು. ಪುಸ್ತಕ ನೋಡಿ ಈಜು ಕಲಿತವರುಂಟೆ? ಇಲ್ಲೇ ಆಯಿತು ನನ್ನ ಮೊದಲನೆಯ ತಪ್ಪು. "ಕೆಲಸ ಗ್ಯಾರಂಟಿ" ಎಂದು ಬೋರ್ಡು ಹಾಕಿದ್ದ ಒಂದು ತರಬೇತಿ ಕೇಂದ್ರಕ್ಕೆ, ಚೀಟಿ ಎತ್ತಿದ 40,000 ರೂಪಾಯಿ ಕಟ್ಟಿ ಸೇರಿಸಿದೆ. ಮೂರು ತಿಂಗಳಾದ ಮೇಲೆ ಚಿನ್ನದ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟ್ ಬಂತು. ಕೆಲಸ ಮಾತ್ರ ಬರಲಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ.

ಮಗಳು ಒಂದು ಮಾತೂ ಆಡಲಿಲ್ಲ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ಬೆಳಿಗ್ಗೆ ಆಡಿಟರೊಬ್ಬರ ಬಳಿ ಅರ್ಧ ದಿನದ ಲೆಕ್ಕ ಬರೆಯುವ ಕೆಲಸ, ಸಂಜೆ ಕಲಿಕೆ.

ಬಾಳೆಲೆಯ ಲೆಕ್ಕ

"ಅದೇನು ಕಲೀತೀಯೋ ನನಗೂ ಅರ್ಥವಾಗೋ ಹಾಗೆ ಹೇಳು" ಎಂದು ಪೀಡಿಸಿದಾಗ ಅವಳು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವೆಬ್ ಪುಟವೆಂದರೆ ಬಾಳೆಲೆ ಊಟದಂತೆ. ಎಲೆಯ ಮೇಲೆ ಏನೇನಿದೆ—ಉಪ್ಪು, ಕೋಸಂಬರಿ, ಪಲ್ಯ, ಅನ್ನ—ಎಂದು ಹೇಳುವುದು ಎಚ್‌ಟಿಎಂಎಲ್. ಯಾವುದು ಎಲ್ಲಿ, ಎಷ್ಟು ಅಂದವಾಗಿ ಕೂರಬೇಕು ಎಂಬುದು ಸಿಎಸ್‌ಎಸ್. "ಸಾರು ಬೇಕು" ಅಂದ ಕೂಡಲೇ ಓಡಿ ಬಂದು ಬಡಿಸುವವನು ಜಾವಾಸ್ಕ್ರಿಪ್ಟ್. ಪಂಕ್ತಿಯಲ್ಲಿ ಕೂತವರಿಗೆ ಕಾಣುವುದು ಇಷ್ಟೇ. ಹಿಂದೆ ಅಡುಗೆಮನೆ ಬೇರೆ ಇರುತ್ತದೆ, ಅದಕ್ಕೊಂದು ಉಗ್ರಾಣವೂ ಇರುತ್ತದೆ. ಆ ಉಗ್ರಾಣಕ್ಕೆ ಡೇಟಾಬೇಸ್ ಅಂತಾರಂತೆ.

ಕಾಲೇಜಿಗೆ ಹೋಗದೆ ಇದನ್ನು ಕಲಿಯಲು ಸಾಧ್ಯವಾದದ್ದಾದರೂ ಹೇಗೆ? ಅದಕ್ಕೂ ಕಾರಣವಿದೆ. ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಈ ವೆಬ್‌ನ ಯೋಜನೆ ಬರೆದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ, ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಇನ್ನೊಂದು ವಿಶೇಷ ನೋಡಿ. ಕಂಪ್ಯೂಟರಿನಲ್ಲಿ ಯಾವುದೇ ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿದರೆ, ಆ ಪುಟದ ಎಚ್‌ಟಿಎಂಎಲ್ ಬರಹ ಹಾಗೇ ಕಣ್ಣೆದುರು ಬರುತ್ತದೆ. ಊಟದ ಜೊತೆಗೇ ಅಡುಗೆಯ ವಿಧಾನವನ್ನೂ ಬರೆದು ಕೊಟ್ಟ ಹಾಗೆ! ಸಾಮಾನಿನ ಖರ್ಚೂ ಕಡಿಮೆ. ಬ್ರೌಸರ್ ಮತ್ತು ಬರೆಯಲು ಒಂದು ಸಾಫ್ಟ್‌ವೇರ್ ಇದ್ದರಾಯಿತು, ಎರಡೂ ಉಚಿತ.

ಪಾಠಗಳೂ ಅಷ್ಟೆ. ಮಗಳು ಹೆಚ್ಚಾಗಿ ಕಲಿತದ್ದು ಫ್ರೀಕೋಡ್‌ಕ್ಯಾಂಪ್‌ನಿಂದ. ಅಮೆರಿಕದ ಕ್ವಿನ್ಸಿ ಲಾರ್ಸನ್ 2014ರಲ್ಲಿ ಇದನ್ನು ಆರಂಭಿಸಿದರು. ಅವರೂ ಮೊದಲು ಶಾಲೆ ನಡೆಸುತ್ತಿದ್ದು, ದೊಡ್ಡವರಾದ ಮೇಲೆ ತಾವೇ ಈ ವಿದ್ಯೆ ಕಲಿತವರು. ಪಾಠ ಇರುವುದು ಇಂಗ್ಲಿಷಿನಲ್ಲಿ. ನಮ್ಮ ಹುಡುಗಿ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಓದಿದಳು.

ನೋಡಿದರೆ ಬರದು, ಮಾಡಿದರೆ ಬಂದೀತು

ಮೊದಲ ಆರು ತಿಂಗಳು ವಿಡಿಯೋ ನೋಡಿದ್ದೇ ನೋಡಿದ್ದು. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತಂತೆ. ತಾನೇ ಬರೆಯಲು ಕೂತರೆ ಒಂದು ಸಾಲೂ ಹೊಳೆಯುತ್ತಿರಲಿಲ್ಲ. ಟಿವಿಯಲ್ಲಿ ಮೈಸೂರುಪಾಕ್ ಮಾಡುವುದನ್ನು ನೂರು ಸಲ ನೋಡಿದವಳಿಗೆ ಪಾಕದ ಹದ ಸಿಕ್ಕೀತೇ? ಬಾಣಲೆ ಒಲೆಯ ಮೇಲಿಡಲೇಬೇಕು.

ಅವಳ ಮೊದಲ ಬಾಣಲೆ ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಹಪ್ಪಳ ಸಂಡಿಗೆ. ಬೆಲೆ, ಫೋಟೋ ಹಾಕಿ ಒಂದು ಪುಟ ಮಾಡಿದಳು. ಲ್ಯಾಪ್‌ಟಾಪ್‌ನಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ನನ್ನ ಫೋನಿನಲ್ಲಿ ತೆರೆದರೆ ಫೋಟೋ ಅರ್ಧ ಪರದೆಯ ಆಚೆ! ಇನ್ನೊಂದು ತಪ್ಪನ್ನು ಹಿಡಿದವಳು ನಾನೇ. "ಅಕ್ಕಿ ಹಪ್ಪಳ" ಎಂಬಲ್ಲಿ ಒತ್ತಕ್ಷರಗಳ ಬಾಲವೇ ಇಲ್ಲ, "ಅಕಿ ಹಪಳ" ಅಂತ ಓದಿಕೊಳ್ಳುವಂತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಇಟ್ಟಿದ್ದಳು, ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಎತ್ತರ ಹೆಚ್ಚಿಸಿದ ಮೇಲೆ ಸರಿಹೋಯಿತು. "ಅಮ್ಮಾ, ಇದು ಯಾವ ಪಾಠದಲ್ಲೂ ಇರಲಿಲ್ಲ" ಅಂದಳು.

ನನ್ನ ಎರಡನೆಯ ತಪ್ಪು

2021ರ ಕೊನೆಯಲ್ಲಿ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ. "ಹುಡುಗಿ ಏನು ಕೆಲಸದಲ್ಲಿದ್ದಾಳೆ?" ಎಂದು ಅವರು ಕೇಳಿದಾಗ ನನಗೆ ಉತ್ತರ ಹೇಳಲಾಗಲಿಲ್ಲ. ಮನೆಗೆ ಬಂದವಳೇ ಆ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡೆ. "ಸಾಕು ಮಾಡು ಈ ಹುಚ್ಚು, ಮುಚ್ಚಿಡು ಅದನ್ನ" ಅಂದೆ. ಅವಳು "ಆಯ್ತಮ್ಮ" ಅಂತ ಲ್ಯಾಪ್‌ಟಾಪ್ ಮುಚ್ಚಿ ಬೀರುವಿನಲ್ಲಿಟ್ಟಳು. ಅತ್ತು ರಂಪ ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೋ ಏನೋ.

ಆ ರಾತ್ರಿ ನನಗೆ 1997ರ ನೆನಪು ಬಂತು. ಎಸ್.ಎಸ್.ಎಲ್.ಸಿ. ಆಗಿ ಮನೆಯಲ್ಲಿದ್ದ ನಾನು ಟೈಪಿಂಗ್ ಕ್ಲಾಸಿಗೆ ಸೇರಿದ್ದೆ. ಮೂರೇ ತಿಂಗಳು. ಪರೀಕ್ಷೆಗೆ ಎರಡು ವಾರ ಇರುವಾಗ ಗಂಡು ನಿಶ್ಚಯವಾಯಿತು. "ಇನ್ನು ಯಾಕೆ?" ಎಂದು ಅಪ್ಪ ಬಿಡಿಸಿದರು. ನಾನೂ "ಆಯ್ತಪ್ಪ" ಅಂದಿದ್ದೆ.

ಬೆಳಿಗ್ಗೆ ಎದ್ದು ಬೀರುವಿನಿಂದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟೆ. ಸಂಬಂಧ ತಂದವರಿಗೆ, "ಒಂದು ವರ್ಷ ತಡೀರಿ" ಎಂದು ಹೇಳಿ ಕಳಿಸಿದೆ. ಅವರು ತಡೆಯಲಿಲ್ಲ, ಹೋದರು. ನಮ್ಮವರು ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಆಗಲಿ ಅಂದುಕೊಂಡೆ.

ಕೆಲಸ ಸಿಕ್ಕಿದ ಬಗೆ

ಆಮೇಲೆ ಒಂದು ಟ್ಯೂಷನ್ ಕ್ಲಾಸಿನವರಿಗೆ ಪುಟ ಮಾಡಿಕೊಟ್ಟು 3,000 ರೂಪಾಯಿ ತಂದಳು. ಅದೇ ಮೊದಲ ಸಂಪಾದನೆ. ಮಾಡಿದ್ದನ್ನೆಲ್ಲ ಗಿಟ್‌ಹಬ್‌ನಲ್ಲಿ ಇಡುತ್ತಾ ಬಂದಳು. ನಾವು ಕಸೂತಿಯನ್ನು ಪ್ರದರ್ಶನಕ್ಕೆ ಇಡುವುದಿಲ್ಲವೇ, ಹಾಗೆ ಬರೆದ ಕೋಡ್ ಅನ್ನು ನಾಲ್ಕು ಜನಕ್ಕೆ ತೋರಿಸುವ ಜಾಗ ಅದು. ನೂರಕ್ಕೂ ಮೇಲೆ ಅರ್ಜಿ ಹಾಕಿದಳು. ಬಹಳ ಕಡೆ ಇಂಜಿನಿಯರಿಂಗ್ ಇಲ್ಲವೆಂದು ಉತ್ತರವೇ ಬರಲಿಲ್ಲ. ಕೊನೆಗೆ 2022ರಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿಯವರು ಕರೆದು, ಎರಡು ದಿನದಲ್ಲಿ ಒಂದು ಪುಟ ಮಾಡಿ ತರಲು ಹೇಳಿದರು. "ಸಾಲಿನ ಎತ್ತರ ಯಾಕೆ ಇಷ್ಟು ಇಟ್ಟಿದ್ದೀರಿ?" ಎಂದು ಕೇಳಿದರಂತೆ. ಹಪ್ಪಳದ ಕಥೆ ಹೇಳಿದಳು. ಆರು ತಿಂಗಳು ತರಬೇತಿ, ತಿಂಗಳಿಗೆ 12,000 ರೂಪಾಯಿ. 2023ರಲ್ಲಿ ಕೆಲಸ ಕಾಯಂ ಆಯಿತು. ಬೆಳಗಿನ ರೈಲು ಹಿಡಿದು ಯಶವಂತಪುರಕ್ಕೆ ಹೋಗುವ ಮಗಳಿಗೆ ನಾನು ಇವತ್ತಿಗೂ ಡಬ್ಬಿ ಕಟ್ಟುತ್ತೇನೆ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಜೊತೆಯಲ್ಲಿ ಶುರು ಮಾಡಿದ ಗೆಳತಿಯೊಬ್ಬಳು ಅರ್ಧಕ್ಕೇ ಬಿಟ್ಟು, ಈಗ ಲೆಕ್ಕಪತ್ರದ ಕೆಲಸದಲ್ಲಿ ಸುಖವಾಗಿದ್ದಾಳೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಕೋಡ್ ಬರೆದುಕೊಡುತ್ತದೆ, ಹೊಸಬರಿಗೆ ದಾರಿ ಇನ್ನೂ ಕಷ್ಟ ಅನ್ನುತ್ತಾಳೆ ಮಗಳು. ಆದರೆ ಮಿಕ್ಸಿ ಬಂದ ಮಾತ್ರಕ್ಕೆ ಚಟ್ನಿಗೆ ಉಪ್ಪೆಷ್ಟು ಎಂದು ಅದಕ್ಕೆ ತಿಳಿದೀತೇ? ತಪ್ಪು ಎಲ್ಲಿದೆ ಎಂದು ಹಿಡಿಯಲು ಬಲ್ಲವರು ಬೇಕೇ ಬೇಕು.

ತಾಯಂದಿರಿಗೆ ನಾಲ್ಕು ಮಾತು

• ಹಣ ಕಟ್ಟುವ ಮೊದಲು ಮೂರು ತಿಂಗಳು ಉಚಿತ ಪಾಠದಲ್ಲೇ ಕಲಿಯಲಿ. ಆಸಕ್ತಿ ನಿಂತರೆ ಆಮೇಲೆ ನೋಡೋಣ. "ಕೆಲಸ ಗ್ಯಾರಂಟಿ" ಎಂಬ ಮಾತಿಗೆ ಮರುಳಾಗಬೇಡಿ.

• "ಸರ್ಟಿಫಿಕೇಟ್ ಎಲ್ಲಿ?" ಎಂದು ಕೇಳಬೇಡಿ. "ಈ ವಾರ ಏನು ಮಾಡಿದೆ, ತೋರಿಸು" ಅನ್ನಿ. ಅರ್ಥವಾಗದಿದ್ದರೂ ನೋಡಿ.

• ದಿನಕ್ಕೆ ಎರಡು ಗಂಟೆ ಅವರದೇ ಆಗಿರಲಿ. ಆ ಹೊತ್ತಿನಲ್ಲಿ "ಸ್ವಲ್ಪ ಹಾಲು ತಂದುಕೊಡು" ಬೇಡ. ಹುಡುಗಿಯರಿಗಂತೂ ಈ ಎರಡು ಗಂಟೆ ಸಿಗುವುದೇ ಕಷ್ಟ.

• ಜೊತೆಗೆ ಅರ್ಧ ದಿನದ ಬೇರೆ ಕೆಲಸ ಇದ್ದರೆ ಒಳ್ಳೆಯದು. ಕೈಯಲ್ಲಿ ನಾಲ್ಕು ಕಾಸಿದ್ದರೆ ಮನಸ್ಸು ಕುಗ್ಗುವುದಿಲ್ಲ.

ತಾನೇ ಕಲಿಯುವುದು ಅಂದರೆ ಒಂಟಿಯಾಗಿ ಕಲಿಯುವುದು ಎಂದು ತಿಳಿದಿದ್ದೆ. ಹಾಗಲ್ಲ. ಮನೆಯವರು ಜಾಗ, ಸಮಯ, ಸ್ವಲ್ಪ ನಂಬಿಕೆ ಕೊಟ್ಟರೆ ಉಳಿದದ್ದನ್ನು ಮಕ್ಕಳು ಕಲಿತುಕೊಳ್ಳುತ್ತಾರೆ.

ಅಂದಹಾಗೆ, ಈ ಲೇಖನವನ್ನು ಅವಳ ಆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಾನೇ ಟೈಪ್ ಮಾಡಿದ್ದೇನೆ. ಒಂದು ವಾರ ಹಿಡಿಯಿತು.