ತೆಂಗಿನ ಸೀಮೆಯ ತುಂಟ ಮಗು ಮತ್ತು ಮನೆಯವರ ತಾಳ್ಮೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಿಗೆ ಹೋದಾಗ ನಾವು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: “ಬುದ್ಧೀ, ಈ ಮಗುವಿಗೆ ಒಂದಿಷ್ಟು ಬುದ್ಧಿ ಹೇಳಿ. ಒಂದು ಗಳಿಗೆ ಕೂತಲ್ಲಿ ಕೂರುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ.” ಮಾತು ಮುಗಿಯುವಷ್ಟರಲ್ಲಿ ಮಗು ವಿಭೂತಿಯ ತಟ್ಟೆಗೆ ಕೈಹಾಕಿರುತ್ತದೆ, ಇಲ್ಲವೇ ಅಂಗಳದಾಚೆ ಕರುವಿನ ಹಿಂದೆ ಓಡಿರುತ್ತದೆ. ತಾಯಿ ತಲೆತಗ್ಗಿಸಿ ನಿಂತಿರುತ್ತಾಳೆ. ಸುತ್ತಲಿನವರು ಅವಳ ಮುಖವನ್ನೇ ನೋಡುತ್ತಿರುತ್ತಾರೆ.

ಮಗುವಿನ ಹಣೆಗೆ ವಿಭೂತಿಯಿಟ್ಟು, ತಲೆ ನೇವರಿಸಿ ಕಳುಹಿಸುವುದು ಸುಲಭ. ಆದರೆ ಆ ತಾಯಿಯ ಮಾತಿನಲ್ಲಿ ದಣಿವಿದೆ, ಅವಮಾನವಿದೆ, ತಾನೇ ಎಲ್ಲೋ ತಪ್ಪಿದೆನೆಂಬ ಅಳುಕಿದೆ. ಅದಕ್ಕೆ ಆಶೀರ್ವಾದವೊಂದೇ ಉತ್ತರವಾಗದು. ಚುರುಕಾದ ಮಗುವಿನೊಡನೆ ದಿನನಿತ್ಯದ ಬಾಳನ್ನು ಹೇಗೆ ನಡೆಸಬೇಕೆಂಬುದನ್ನು ಮನೆಯವರೆಲ್ಲರೂ ಕೂತು ಯೋಚಿಸಬೇಕು. ಅದಕ್ಕಾಗಿ ಈ ನಾಲ್ಕು ಮಾತು.

ಸ್ವಭಾವವು ಅಪರಾಧವಲ್ಲ

ಒಂದೇ ತಾಯಿಯ ಮಕ್ಕಳಲ್ಲಿ ಒಂದು ಸೌಮ್ಯ, ಇನ್ನೊಂದು ಬಿರುಗಾಳಿ ಎಂಬುದನ್ನು ನಮ್ಮ ಅಜ್ಜಿಯರು ಬಲ್ಲರು. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಅಧ್ಯಯನವನ್ನು ಆರಂಭಿಸಿ, 133 ಮಕ್ಕಳನ್ನು ಎಳವೆಯಿಂದ ದೊಡ್ಡವರಾಗುವವರೆಗೂ ಗಮನಿಸಿದರು. ಅವರ ಲೆಕ್ಕದಲ್ಲಿ ನೂರಕ್ಕೆ ಸುಮಾರು 40 ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರು. ಸುಮಾರು 15 ಮಕ್ಕಳು ನಿಧಾನವಾಗಿ ಒಗ್ಗುವವರು. ಸುಮಾರು 10 ಮಕ್ಕಳು ಅಳುವಿನಲ್ಲೂ ನಗುವಿನಲ್ಲೂ ತೀವ್ರತೆಯುಳ್ಳವರು, ಊಟ ನಿದ್ರೆಗಳಿಗೆ ಸುಲಭವಾಗಿ ಒಗ್ಗದವರು. ಉಳಿದವರಲ್ಲಿ ಈ ಗುಣಗಳು ಬೆರೆತಿದ್ದವು.

ಈ ವ್ಯತ್ಯಾಸವು ಕೂಸು ತೊಟ್ಟಿಲಲ್ಲಿರುವಾಗಲೇ ಕಾಣಿಸುತ್ತಿತ್ತು. ಆದ್ದರಿಂದ ಎಲ್ಲವನ್ನೂ ತಾಯಿಯ ಮುದ್ದಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಮಗುವಿನ ಸ್ವಭಾವ ಯಾವುದೇ ಇರಲಿ, ಮನೆಯವರ ನಡೆ ಅದಕ್ಕೆ ಹೊಂದಿಕೊಂಡಲ್ಲಿ ಮಗು ಚೆನ್ನಾಗಿ ಬೆಳೆಯಿತು. ಹೊಂದದಿದ್ದಲ್ಲಿ ತೊಂದರೆ ಬೆಳೆಯಿತು. ಮಗುವಿನ ಸ್ವಭಾವವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ನಡೆಯನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹಠದ ಹಿಂದೆ ಏನಿದೆ

ಎರಡರಿಂದ ನಾಲ್ಕು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು ಹಿರಿಯರನ್ನು ಸೋಲಿಸುವ ಹೂಟವಲ್ಲ. ಆವೇಗವನ್ನು ತಡೆದು ಯೋಚಿಸುವ ಶಕ್ತಿಗೆ ಮೆದುಳಿನ ಮುಂಭಾಗ ಬಲಿಯಬೇಕು. ಅದು ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯ ದಾಟಿದ ಮೇಲೆ. ಆಸೆ ದೊಡ್ಡದು, ಮಾತು ಚಿಕ್ಕದು. ನಡುವಿನ ಅಂತರವೇ ಅಳುವಾಗಿ ಹೊಮ್ಮುತ್ತದೆ.

ಹಠ ಬರುವ ಹೊತ್ತನ್ನು ಒಂದು ವಾರ ಗಮನಿಸಿದರೆ ಕಾರಣಗಳು ತಾವಾಗಿಯೇ ತಿಳಿಯುತ್ತವೆ. ಹಸಿವು, ನಿದ್ರೆಗೇಡು, ಆಟದ ನಡುವೆ ಇದ್ದಕ್ಕಿದ್ದಂತೆ ಎಳೆದು ತರುವುದು, ಮನೆಗೆ ಜನ ಬಂದಾಗಿನ ಗದ್ದಲ, ಇವೇ ಹೆಚ್ಚಿನ ಪಾಲು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕು. ಕನಿಷ್ಠ 180 ನಿಮಿಷಗಳ ಓಡಾಟ ಬೇಕು. ಪರದೆಯ ಮುಂದೆ ಕೂರುವುದು ಒಂದು ಗಂಟೆಯನ್ನು ಮೀರಬಾರದು. ಮೂರು ಗಂಟೆ ಓಡಬೇಕಾದ ದೇಹವನ್ನು ಮೊಬೈಲ್ ಕೊಟ್ಟು ಮೂಲೆಯಲ್ಲಿ ಕೂರಿಸಿ, ಸಂಜೆ ಅದು ಕಿರುಚಿದಾಗ ಗದರುವುದು ಯಾವ ನ್ಯಾಯ?

ದಿನಕ್ಕೊಂದು ಕ್ರಮವಿದ್ದರೆ ಚುರುಕು ಮಗುವಿಗೆ ಆಸರೆ ಸಿಗುತ್ತದೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಬಾಳುವುದನ್ನು ನೋಡಿದವರಿಗೆ ಇದು ತಿಳಿದಿದೆ. ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ, ಪ್ರಸಾದ, ಪಾಠ, ಆಟ, ಎಲ್ಲಕ್ಕೂ ಅಲ್ಲಿ ಹೊತ್ತುಂಟು. ಮುಂದೆ ಏನು ಬರುತ್ತದೆಂದು ತಿಳಿದಿರುವ ಮಗು ನೆಮ್ಮದಿಯಿಂದಿರುತ್ತದೆ. ಮನೆಯಲ್ಲಿ ಅಷ್ಟು ಬಿಗಿ ಬೇಕಿಲ್ಲ. ಊಟದ ಹೊತ್ತು, ಮಲಗುವ ಹೊತ್ತು, ದೀಪ ಹಚ್ಚಿ ಕೈಮುಗಿಯುವ ಹೊತ್ತು, ಈ ಮೂರು ನೆಲೆ ನಿಂತರೂ ಸಾಕು.

ಕೊಬ್ಬರಿ ಸುಲಿಯುವ ದಿನ

ನಮ್ಮ ಸೀಮೆಯ ಮನೆಗಳಲ್ಲಿ ಚುರುಕು ಮಗುವಿಗೆ ಅತಿ ಕಷ್ಟದ ದಿನವೆಂದರೆ ಕೊಬ್ಬರಿ ಸುಲಿಯುವ ದಿನ. ಬೆಳಗಾಗುತ್ತಲೇ ಅಟ್ಟದಿಂದ ಕಾಯಿ ಇಳಿಯುತ್ತದೆ. ಆಳುಗಳು ಬರುತ್ತಾರೆ. ಒಬ್ಬರು ಮಟ್ಟೆ ಸುಲಿಯುತ್ತಾರೆ, ಒಬ್ಬರು ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಬಿಡಿಸುತ್ತಾರೆ. ಅಂಗಳವೆಲ್ಲ ಸದ್ದು, ನಾರು, ಮಾತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಲ್ಲಿದ್ದಾಳೆಂದುಕೊಳ್ಳೋಣ. ಲೋಕದಲ್ಲಿ ಅವಳಿಗೆ ಇದಕ್ಕಿಂತ ಕುತೂಹಲದ ದೃಶ್ಯವಿಲ್ಲ. ಅವಳಿಗೆ ದಿನವಿಡೀ ಕೇಳಿಬರುವುದು ಎರಡೇ ಮಾತು: “ಮುಟ್ಟಬೇಡ”, “ಆಚೆ ಹೋಗು”. ಮಧ್ಯಾಹ್ನದ ವೇಳೆಗೆ ಅವಳು ಚೀರುತ್ತಾಳೆ, ನಾರನ್ನು ಎರಚುತ್ತಾಳೆ, ಯಾರೋ ಒಬ್ಬರು ಎರಡೇಟು ಕೊಡುತ್ತಾರೆ.

ಅದೇ ಮಗುವಿಗೆ ಒಂದು ಕೆಲಸ ಕೊಟ್ಟು ನೋಡಿರಿ. ಬಲಿತ ಕಾಯಿ 8ರಿಂದ 12 ತಿಂಗಳು ಅಟ್ಟದಲ್ಲಿದ್ದಾಗ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ತಾನಾಗಿ ಬಿಡುತ್ತದೆ. ಆಗ ಕಾಯನ್ನು ಕುಲುಕಿದರೆ ಒಳಗೆ ಉಂಡೆ ಉರುಳುವ ಸದ್ದು ಕೇಳುತ್ತದೆ. ನೀರಿದ್ದರೆ ಸದ್ದು ಬೇರೆ. ತಾತ ಪಕ್ಕದಲ್ಲಿ ಕೂತು ಒಂದೊಂದೇ ಕಾಯನ್ನು ಅವಳ ಕಿವಿಯ ಬಳಿ ಕುಲುಕಿ, “ಇದರಲ್ಲಿ ನೀರಿದೆಯೋ, ಕೊಬ್ಬರಿಯಾಗಿದೆಯೋ ಹೇಳು ತಾಯಿ” ಎಂದರೆ ಆ ಹುಡುಗಿ ಅರ್ಧ ಗಂಟೆ ಕದಲುವುದಿಲ್ಲ. ಬಿಡಿಸಿಟ್ಟ ಉಂಡೆಗಳನ್ನು ಹತ್ತರ ಗುಂಪು ಮಾಡುವುದು, ನಾರನ್ನು ಒಂದು ಕಡೆ ರಾಶಿ ಹಾಕುವುದು, ಆಳುಗಳಿಗೆ ಚಿಕ್ಕ ಚೊಂಬಿನಲ್ಲಿ ನೀರು ಕೊಡುವುದು, ಇವೆಲ್ಲ ಅವಳ ಅಳವಿಗೆ ನಿಲುಕುವ ಕೆಲಸಗಳೇ.

ಶರಣರು ಕಾಯಕಕ್ಕೆ ಕೊಟ್ಟ ಘನತೆಯನ್ನು ನಾವು ದೊಡ್ಡವರಿಗಷ್ಟೇ ಮೀಸಲಿಟ್ಟಿದ್ದೇವೆ. ತನ್ನಿಂದ ಮನೆಗೆ ಉಪಯೋಗವಿದೆ ಎಂಬ ಅರಿವು ನಾಲ್ಕು ವರ್ಷದ ಮಗುವನ್ನೂ ನೆಟ್ಟಗೆ ನಿಲ್ಲಿಸುತ್ತದೆ. ಆದರೆ ಒಂದು ಎಚ್ಚರ: ಇದು ದುಡಿಮೆಯಾಗಬಾರದು. ಕಾಲು ಗಂಟೆ, ಅರ್ಧ ಗಂಟೆ. ಮಗುವಿಗೆ ಸಾಕೆನಿಸಿದೊಡನೆ ನಿಲ್ಲಬೇಕು. ಕೆಲಸ ಸೊಟ್ಟಗಾದರೂ ಅವಳೆದುರಿಗೇ ಅದನ್ನು ಮತ್ತೆ ಸರಿಪಡಿಸಬಾರದು.

ಮೂರು ಗೆರೆಗಳು ಮಾತ್ರ

ದಿನಕ್ಕೆ ನೂರು ಸಲ “ಬೇಡ” ಎಂದರೆ ನೂರಾ ಒಂದನೆಯದು ಮಗುವಿನ ಕಿವಿಗೆ ಬೀಳದು. ಆದ್ದರಿಂದ “ಬೇಡ”ಗಳು ಕಡಿಮೆಯಿರಲಿ, ಇರುವವು ಕದಲದಿರಲಿ. ತೋಟದ ಮನೆಗೆ ಮೂರು ಗೆರೆಗಳು ಬೇಕೇಬೇಕು.

ಮೊದಲನೆಯದು ನೀರು. ಮುಳುಗಿ ಸಾಯುವ ಪ್ರಮಾಣವು 1ರಿಂದ 4 ವರ್ಷದ ಮಕ್ಕಳಲ್ಲೇ ಅತಿ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ತೊಟ್ಟಿ, ಬಾವಿ, ಕೆರೆಗಳ ಜೊತೆಗೆ ಈಗ ಕೃಷಿಹೊಂಡಗಳೂ ಇವೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಬಿದ್ದರೆ ದೊಡ್ಡವರಿಗೂ ಹತ್ತಿಬರುವುದು ಕಷ್ಟ. ಇಲ್ಲಿ ಮಗುವಿಗೆ ಬುದ್ಧಿ ಹೇಳಿದರೆ ಸಾಲದು, ಬೇಲಿ ಹಾಕಬೇಕು. ತೊಟ್ಟಿಗೆ ಮುಚ್ಚಳ ಬೇಕು. ಹೊಂಡದಲ್ಲಿ ಹಿಡಿದು ಮೇಲೇರಲು ಹಗ್ಗವೊಂದನ್ನು ಕಟ್ಟಿರಬೇಕು.

ಎರಡನೆಯದು ಹರಿತ ಮತ್ತು ವಿಷ. ಮಚ್ಚು, ಕುಡುಗೋಲು, ಕಾಯಿ ಸುಲಿಯುವ ಉಪಕರಣ, ಔಷಧಿ ಡಬ್ಬಿ, ಇವು ಕೆಲಸ ಮುಗಿದ ಕೂಡಲೇ ಬೀಗದೊಳಗೆ ಸೇರಬೇಕು. ಮೂರನೆಯದು ಕಾಯಿ ಕೆಡಹುವಾಗ ಮರದ ಬುಡ. ಆ ಹೊತ್ತು ಮಗುವನ್ನು ಹಿಡಿದುಕೊಂಡಿರುವುದೇ ಒಬ್ಬರ ಕೆಲಸವಾಗಿರಬೇಕು. ನೋಡಿಕೊಳ್ಳುವವರ ಕೈಯಲ್ಲಿ ಬೇರಾವ ಕೆಲಸವೂ ಇರಬಾರದು.

ಉಳಿದಂತೆ ಮಣ್ಣಾಗಲಿ, ಬಟ್ಟೆ ಒದ್ದೆಯಾಗಲಿ, ಬಿದ್ದ ಗರಿಯನ್ನು ಎಳೆದಾಡಲಿ. ಅದು ಬಾಲ್ಯ.

ಎದೆಯ ಮೇಲಿನ ಲಿಂಗ

ಹೊಡೆಯದೆ ಮಕ್ಕಳು ಸುಧಾರಿಸುವುದಿಲ್ಲ ಎನ್ನುವವರು ಇಂದಿಗೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸ್ವೀಡನ್ ದೇಶ 1979ರಲ್ಲಿಯೇ ಹೆತ್ತವರೂ ಮಕ್ಕಳನ್ನು ಹೊಡೆಯಬಾರದೆಂದು ಕಾನೂನು ಮಾಡಿತು. ನಮಗೆ ಕಾನೂನಿಗಿಂತ ಹತ್ತಿರದ ಕಾರಣವೊಂದಿದೆ. ಕೂಸಿಗೂ ಲಿಂಗಧಾರಣೆ ಮಾಡಿಸುವ ಪರಂಪರೆ ನಮ್ಮದು. ಅರಿವು ಬರುವ ಮೊದಲೇ ಆ ದೇಹವನ್ನು ದೇಗುಲವೆಂದು ಒಪ್ಪಿಕೊಂಡಿದ್ದೇವೆ. ಎದೆಯ ಮೇಲೆ ಲಿಂಗವಿರುವ ಆ ಪುಟ್ಟ ದೇಹದ ಮೇಲೆ ಕೈಯೆತ್ತುವುದು ಹೇಗೆ?

ಹೊಡೆತದಿಂದ ಮಗು ಆ ಕ್ಷಣ ಸುಮ್ಮನಾಗುತ್ತದೆ, ನಿಜ. ಅದು ಕಲಿಯುವುದು ಮಾತ್ರ ಎರಡು ಪಾಠ: ಬಲವಿದ್ದವರು ಹೊಡೆಯಬಹುದು, ತಪ್ಪನ್ನು ಮುಚ್ಚಿಡಬೇಕು. ಮುಚ್ಚಿಡುವ ಮಗು ನಾಳೆ ಹೊಂಡದ ಬಳಿ ಜಾರಿದ್ದನ್ನೂ ಹೇಳುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮಗು ಚೀರುವಾಗ ಬಗ್ಗಿ ಅದರ ಕಣ್ಣಿನ ಎತ್ತರಕ್ಕೆ ಬನ್ನಿರಿ. ಮಾತು ಕಡಿಮೆಯಿರಲಿ: “ನಿನಗೆ ಕೋಪ ಬಂದಿದೆ. ಮಚ್ಚು ಕೊಡುವುದಿಲ್ಲ. ನಾನು ಇಲ್ಲೇ ಇದ್ದೇನೆ.” ಬೇಡವೆಂದದ್ದನ್ನು ಅಳುವಿಗೆ ಸೋತು ಕೊಡಬೇಡಿರಿ, ಅಳುವುದಕ್ಕಾಗಿ ಹಂಗಿಸಲೂ ಬೇಡಿರಿ. ಅಳು ಇಳಿದ ಮೇಲೆ ಅಪ್ಪಿಕೊಳ್ಳಿರಿ. ಬುದ್ಧಿ ಹೇಳುವುದಿದ್ದರೆ ಆಮೇಲೆ, ಎರಡು ವಾಕ್ಯದಲ್ಲಿ. ತಾಳ್ಮೆ ತಪ್ಪಿ ನೀವೇ ಕೂಗಾಡಿದ್ದರೆ, “ನಾನು ಹಾಗೆ ಕೂಗಬಾರದಿತ್ತು” ಎಂದು ಹೇಳಲು ಸಂಕೋಚ ಬೇಡ. ಇದರಿಂದ ಹಿರಿತನ ಕುಂದದು. ಮಗುವೂ ತಪ್ಪನ್ನು ಒಪ್ಪಿಕೊಳ್ಳುವುದನ್ನು ಕಲಿಯುತ್ತದೆ.

ತಾಯಿಯೊಬ್ಬಳ ಹೊರೆಯಲ್ಲ

ಕೂಡುಕುಟುಂಬದಲ್ಲಿ ಮಗುವನ್ನು ಮುದ್ದಿಸಲು ಹತ್ತು ಕೈಗಳಿರುತ್ತವೆ. ಹಠ ಮಾಡಿದಾಗ ಮಾತ್ರ ಅದು ತಾಯಿಯ ಮಗು. ಅವಳು ಬೆಲ್ಲ ಸಾಕು ಎಂದರೆ ಅಜ್ಜಿ ಸೆರಗಿನ ಮರೆಯಲ್ಲಿ ಕೊಡುತ್ತಾರೆ. ಅವಳು ಮೊಬೈಲ್ ಬೇಡ ಎಂದರೆ ಚಿಕ್ಕಪ್ಪ ಕೊಡುತ್ತಾನೆ. ಆಮೇಲೆ, “ನಿನಗೆ ಮಗುವನ್ನು ಬೆಳೆಸಲು ಬರುವುದಿಲ್ಲ” ಎಂಬ ಮಾತು. ಮನೆಯ ಹಿರಿಯರಲ್ಲಿ ನಮ್ಮ ವಿನಂತಿ: ಮಗುವಿನ ವಿಷಯದಲ್ಲಿ ಮನೆಗೆ ಒಂದೇ ಮಾತಿರಲಿ. ಭಿನ್ನಾಭಿಪ್ರಾಯವಿದ್ದರೆ ಮಗು ಮಲಗಿದ ಮೇಲೆ ಆಡಿರಿ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಹೊತ್ತನ್ನು ನೀಡುವುದೂ ದಾಸೋಹವೇ. ತಂದೆ ದಿನಕ್ಕೊಂದು ಗಂಟೆ ಮಗುವನ್ನು ತೋಟಕ್ಕೆ ಕರೆದೊಯ್ಯಲಿ. ಆ ಒಂದು ಗಂಟೆ ತಾಯಿ ಮಲಗಲಿ, ಪೂಜೆಗೆ ಕೂರಲಿ, ಸುಮ್ಮನೆ ಕೂತಿರಲಿ. ದಣಿದವರಿಂದ ತಾಳ್ಮೆಯನ್ನು ಬೇಡುವುದು ಬತ್ತಿದ ಬಾವಿಯಲ್ಲಿ ನೀರು ಸೇದಿದಂತೆ.

ಮಗು ಹೆಣ್ಣಾದರೆ ಇನ್ನೊಂದು ಕಷ್ಟ. ಹುಡುಗನ ತುಂಟತನ ಲೀಲೆಯೆನಿಸಿಕೊಳ್ಳುತ್ತದೆ. ಹುಡುಗಿಯದು “ಗಂಡುಬೀರಿ” ಎಂಬ ಬೈಗುಳವಾಗುತ್ತದೆ. ಅಕ್ಕ ನಾಗಮ್ಮನಿಗಿಲ್ಲದ ಉಪನಯನ ತನಗೇಕೆಂದು ಬಾಲಕ ಬಸವಣ್ಣನವರು ಹಿರಿಯರೆದುರು ನಿಂತು ಕೇಳಿದರೆಂದು ನಮ್ಮ ಪರಂಪರೆ ನಂಬಿದೆ. ಆ ಪ್ರಶ್ನೆಯನ್ನು ಹೆಮ್ಮೆಯಿಂದ ನೆನೆಯುವ ನಾವು, ನಮ್ಮ ಮನೆಯ ಹುಡುಗಿ “ಯಾಕೆ?” ಎಂದಾಗ ಬಾಯಿ ಮುಚ್ಚಿಸಬಾರದು.

ತಾಯಿತ ಬೇಡ, ವೈದ್ಯರನ್ನು ಕಾಣಿರಿ

ಬಹುಪಾಲು ತುಂಟ ಮಕ್ಕಳಿಗೆ ಯಾವ ಕಾಯಿಲೆಯೂ ಇಲ್ಲ. ಆದರೆ ಕೆಲವು ಲಕ್ಷಣಗಳನ್ನು ಕಡೆಗಣಿಸಬಾರದು. ಹೆಸರು ಕೂಗಿದರೆ ತಿರುಗದಿರುವುದು, ಮಾತು ತಡವಾಗುವುದು ಇಲ್ಲವೇ ಬಂದ ಮಾತು ನಿಂತುಹೋಗುವುದು, ಕಣ್ಣಿಗೆ ಕಣ್ಣು ಕೂಡಿಸದಿರುವುದು, ಫಿಟ್ಸ್ ಬರುವುದು, ತನಗೆ ತಾನೇ ಪದೇಪದೇ ಗಾಯ ಮಾಡಿಕೊಳ್ಳುವುದು, ಮನೆಯಲ್ಲೂ ಅಂಗನವಾಡಿಯಲ್ಲೂ ತಿಂಗಳುಗಟ್ಟಲೆ ಒಂದೇ ಸಮನೆ ತಡೆಯಲಾಗದ ಚಟುವಟಿಕೆ, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಂಗನವಾಡಿಗೆ ಬರುವ ಆರೋಗ್ಯ ತಂಡದವರ ಬಳಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ದಣಿದು ಕುಸಿದ ತಾಯಂದಿರಿಗೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ದೊರೆಯುತ್ತದೆ. ದೃಷ್ಟಿ, ಗಾಳಿ, ಗ್ರಹಚಾರವೆಂದು ತಾಯಿತ ಕಟ್ಟಿಸಿಕೊಂಡು ಕಳೆಯುವ ವರ್ಷಗಳು ಮಗುವಿಗೆ ಮತ್ತೆ ಸಿಗುವುದಿಲ್ಲ.

ಅಟ್ಟದ ಮೇಲಿನ ಕಾಯನ್ನು ಆತುರಪಟ್ಟು ಒಡೆದರೆ ಒಳಗೆ ಹಸಿ ತಿರುಳು ಚಿಪ್ಪಿಗೇ ಅಂಟಿಕೊಂಡಿರುತ್ತದೆ. ಇದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ವರ್ಷವೊಂದನ್ನು ಕಾಯಿಗಾಗಿ ಕಾಯುವ ಕೈಗಳು ಮಗುವಿಗಾಗಿಯೂ ಕಾಯಬಲ್ಲವು. ಇಂದು ಸಂಜೆ ಮಗು ಹಠ ಹಿಡಿದಾಗ, ಕೈಯೆತ್ತುವ ಮುನ್ನ ಒಮ್ಮೆ ಉಸಿರೆಳೆದುಕೊಂಡು, ಬಗ್ಗಿ ಅದರ ಮುಖವನ್ನು ನೋಡಿರಿ. ಅಲ್ಲಿಂದಲೇ ಆರಂಭವಾಗಲಿ.